ಕೊಂಬಿನ ಹ್ಯಾಂಡಲ್

ನಮ್ಮ ಮನೆಯೊಳಗೆ ತಲೆ ತಗ್ಗಿಸದೆ ಓಡಾಡಲು ಆಗುತ್ತಿರಲಿಲ್ಲ. ತಲೆಬಾಗಿಲು ಗಿಡ್ಡ, ಅಡುಗೆಮನೆ ಬಾಗಿಲು ಇನ್ನೂ ಗಿಡ್ಡ, ನಡುಮನೆಯ ಮೇಲೆ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆ ಕೊಬ್ಬರಿ ಆಗುವವರೆಗೂ ಅವು ಅಲ್ಲೇ ಬಿದ್ದಿರಬೇಕು. ಆ ಭಾರಕ್ಕೆ ತೊಲೆಗಳು ನಡುವಲ್ಲಿ ಜಗ್ಗಿ, ಮೀಸೆ ಬಂದವರ ನೆತ್ತಿಗೆ ತಾಕುವಷ್ಟು ಕೆಳಗಿಳಿದಿದ್ದವು. ಇಂಥ ಮನೆಯಲ್ಲಿ ಅಪ್ಪ ಎದ್ದರೆ ಕೂತರೆ ಹೇಳುತ್ತಿದ್ದ ಮಾತು ಒಂದೇ.

"ಯಾರ ಮುಂದೂ ತಲೆ ತಗ್ಸಬ್ಯಾಡ ಕಣ್ಲಾ."

ಅದು ಬರೀ ಬಾಯಿಮಾತಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಳ್ಳುವವರು ಚೀಲದಿಂದ ಒಂದು ಉಂಡೆ ತೆಗೆದು, ಒಡೆದು, ಮೂಸಿ ನೋಡಿ ಹೋಳನ್ನು ನೆಲಕ್ಕೆ ಎಸೆಯುತ್ತಿದ್ದರು. ಮಿಕ್ಕ ರೈತರು ಬಗ್ಗಿ ಆ ಹೋಳುಗಳನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅಪ್ಪ ಬಗ್ಗುತ್ತಿರಲಿಲ್ಲ. "ಎಸೆದೋನೇ ಎತ್ಕೊಡ್ಲಿ" ಅಂತ ಸೆಟೆದು ನಿಂತುಬಿಡುತ್ತಿದ್ದ. ಒಂದೊಂದು ಸಲ ಆ ಒಂದು ಹೋಳಿಗಾಗಿ ಇಡೀ ವ್ಯಾಪಾರವೇ ಮುರಿದುಬಿದ್ದು, ಚೀಲಗಳು ಅದೇ ಗಾಡಿಯಲ್ಲಿ ಮನೆಗೆ ವಾಪಸು ಬರುತ್ತಿದ್ದವು. ಅವ್ವ ಮುದ್ದೆ ಕಟ್ಟುತ್ತಾ ಒಲೆಗೆ ಹೇಳುವಂತೆ ಹೇಳುತ್ತಿದ್ದಳು: "ನಿಮ್ಮಪ್ಪನ ಬೆನ್ನಲ್ಲಿ ಮೂಳೆ ಇಲ್ಲ, ಹಾರೆ ಐತೆ." ಅಪ್ಪನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಾನು ಮಲಗುತ್ತಿದ್ದುದು ಆ ಅಟ್ಟದ ಕೆಳಗೆ. ಇಲಿ ಓಡಿದರೆ ಕಾಯಿಗಳು ಒಂದಕ್ಕೊಂದು ತಾಕಿ ಸಣ್ಣಗೆ ಉರುಳುತ್ತಿದ್ದವು. ಆ ಸದ್ದು ಕೇಳುತ್ತಾ ಮಗ್ಗುಲು ಬದಲಾಯಿಸುತ್ತಿದ್ದೆ. ನಾನೂ ಹೀಗೇ ಇಲ್ಲೇ ಬಿದ್ದಿದ್ದು ಒಣಗಿ, ಯಾರೋ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ "ಆಗವ್ನೆ" ಅನ್ನುವ ದಿನಕ್ಕೆ ಕಾಯಬೇಕೇನೋ ಅನ್ನಿಸುತ್ತಿತ್ತು. ಊಟಕ್ಕೆ ಕೂತರೆ ಕಾಲು ಅಲ್ಲಾಡಿಸುತ್ತಿದ್ದೆ. ಅಜ್ಜಿ, ಅಂದರೆ ಅಪ್ಪನ ಅವ್ವ, ಊರುಗೋಲಿನಿಂದ ಮಂಡಿಗೆ ತಟ್ಟಿ "ಕಾಲು ನಿಲ್ಸು ಮಗಾ, ಮನೆಗೆ ಆಗಬರಾಕಿಲ್ಲ" ಅನ್ನುತ್ತಿದ್ದಳು. ಕಾಲು ನಿಲ್ಲುತ್ತಿತ್ತು, ತಲೆಯೊಳಗಿನ ಓಡಾಟ ನಿಲ್ಲುತ್ತಿರಲಿಲ್ಲ.

ಪಿಯುಸಿ ಪಾಸಾದೆ. ನಮ್ಮ ಮನೆಗೆ ಅಲ್ಲಿಯವರೆಗೆ ಬಂದಿದ್ದೇ ಹೆಚ್ಚು. ಡಿಗ್ರಿಗೆ ಸೇರುತ್ತೇನೆ ಅಂದಾಗ ಅಪ್ಪ ಬೇಡವೆನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಮೊದಲ್ನೇ ವರ್ಸದ ಪರೀಕ್ಸೆಗೆ ಕೂತ್ಕಂಡ್ರೆ ಮುಂದಕ್ಕೆ ಓದು. ಕೂರ್ಸಲಿಲ್ಲ ಅಂದ್ರೆ ಅಟ್ಟ ಹತ್ತು, ಕೊಬ್ಬರಿ ನೋಡ್ಕ" ಅಂದ. ಪರೀಕ್ಷೆಗೆ ಕೂರಿಸದೇ ಇರಲು ಕಾರಣವಾಗುವ ಸಂಗತಿ ಒಂದಿತ್ತು, ಹಾಜರಿಯ ಕೊರತೆ. ಕಾಲೇಜು ತಿಪಟೂರಿನಲ್ಲಿ, ನಮ್ಮೂರು ಹಂದನಕೆರೆ ರಸ್ತೆಯಲ್ಲಿ. ಬೆಳಗಿನ ಬಸ್ಸು ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಅದನ್ನು ನಂಬಿದರೆ ಮೊದಲ ಪಿರಿಯಡ್ಡು ಗೋತಾ. ಆ ಪಿರಿಯಡ್ಡಿನ ಮೇಷ್ಟ್ರು ಹಾಜರಿ ಕೂಗಿ ಮುಗಿಸಿದ ಮೇಲೆ ಬಾಗಿಲಲ್ಲಿ ದೇವರೇ ಬಂದು ನಿಂತರೂ ಬರೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಅಪ್ಪನ ಕರೀ ಸೈಕಲ್ ಹತ್ತಿದೆ. ಕಾಲೇಜು ಶುರುವಾಗುವುದೂ ಆಷಾಢ ಹಿಡಿಯುವುದೂ ಒಂದೇ ಹೊತ್ತಿಗೆ. ನಮ್ಮ ಸೀಮೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ; ತೆಂಗಿನ ಮರಗಳ ಗರಿಯೆಲ್ಲ ಒಂದೇ ಕಡೆಗೆ ಬಾಚಿದ ಹಾಗೆ ಆಗಿರುತ್ತದೆ. ಆ ಗಾಳಿ ತಿಪಟೂರಿನ ಕಡೆಯಿಂದಲೇ ಎದೆಗೆ ಬರುತ್ತಿತ್ತು. ಕರೀ ಸೈಕಲ್ ಮೇಲೆ ನೆಟ್ಟಗೆ ಕೂತ ನಾನು ಬಾಗಿಲು ಮುರಿದುಕೊಂಡು ಹೊರಟವನಂತೆ ತುಳಿಯುತ್ತಿದ್ದೆ. ಬೆವರಿನಲ್ಲಿ ತೊಯ್ದು ಕ್ಲಾಸಿನ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಹೆಸರು ದಾಟಿಹೋಗಿರುತ್ತಿತ್ತು. ಹೀಗಿರುವಾಗಲೇ ಒಂದು ದಿನ, ಕಾಯಿ ಮೂಟೆ ಹೊತ್ತೂ ಹೊತ್ತೂ ಸವೆದಿದ್ದ ಆ ಸೈಕಲ್ಲಿನ ಫ್ರೇಮು ಸೀಟಿನ ಬುಡದಲ್ಲಿ ಸೀಳಿತು.

ಆಗ ನೆನಪಾದವನು ತುರುವೇಕೆರೆ ಸೀಮೆಯ ಸಂಪಿಗೆ ಅನ್ನುವ ಊರಲ್ಲಿದ್ದ ನನ್ನ ಸೋದರಮಾವ. ಪ್ರಾಯದಲ್ಲಿ ಸೈಕಲ್ ರೇಸಿನ ಹುಚ್ಚು ಹತ್ತಿಸಿಕೊಂಡಿದ್ದವನು. ಅವನ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಹಸಿರು ಬಣ್ಣದ ಫ್ರೇಮು ನೇತಾಡುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ. ಬೆರಳಿನಷ್ಟು ಸಣ್ಣ ಪೈಪುಗಳು. ಒಂದೇ ಕೈಯಲ್ಲಿ ಎತ್ತಬಹುದು. ಕೇಳಿದ ಕೂಡಲೇ ಇಳಿಸಿ ಕೊಟ್ಟ. ಹ್ಯಾಂಡಲ್ ಎಲ್ಲಿ ಮಾವ ಅಂದರೆ ತಲೆ ಕೆರೆದುಕೊಂಡು ನಕ್ಕ.

"ಬಾವಿಗೆ ಬಿಂದಿಗೆ ಬಿದ್ದಿತ್ತು ಕಣ್ಲಾ. ಪಾತಾಳಗರಡಿ ಸಿಗಲಿಲ್ಲ. ಅದ್ನೇ ಹಗ್ಗಕ್ಕೆ ಕಟ್ಟಿ ಬುಟ್ಟೆ. ಬಿಂದಿಗೇನೋ ಬಂತು, ಹಗ್ಗ ಬಿಚ್ಕಂಡು ಹ್ಯಾಂಡಲ್ಲು ಅಲ್ಲೇ ಉಳ್ಕಂತು."

ಕೊಕ್ಕೆಯ ಹಾಗೆ ಬಗ್ಗಿದ ಹ್ಯಾಂಡಲ್ ಅಂದಮೇಲೆ ಬಾವಿಗೆ ಬಿಡದೆ ಇನ್ನೇನು ಮಾಡುತ್ತಾರೆ ಅನ್ನುವ ಹಾಗಿತ್ತು ಅವನ ಮುಖ. ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ತಂದೆ. ಕರೀ ಸೈಕಲ್ಲಿನ ಪೆಡಲ್ಲು, ಸೀಟು ಅದಕ್ಕೆ ಕೂತವು, ಚಕ್ರ ತೂರಲಿಲ್ಲ. ತಿಪಟೂರಿನಲ್ಲಿ ಸೈಕಲ್ ಶಾಪಿಟ್ಟಿದ್ದ ರಹಮತ್ ಸಾಬರು ಹಳೇ ಚಕ್ರ ಹೊಂದಿಸಿ ಕೊಟ್ಟರು. ಉಳಿದದ್ದು ಹ್ಯಾಂಡಲ್. ನೆಟ್ಟಗಿನದು ಹಾಕಿಸಿದರೆ ಮತ್ತೆ ಅದೇ ಕತೆ, ಎದೆಗೆ ಗಾಳಿ. ನನಗೆ ಬೇಕಾಗಿದ್ದು ಗಾಳಿಯ ಕೆಳಗೆ ತೂರಿಕೊಂಡು ಹೋಗುವಂಥದ್ದು, ರೇಸಿನ ಬಗ್ಗು ಹ್ಯಾಂಡಲ್. ಸಾಬರು ಅಂಗಡಿಯ ಮೇಲಿಂದ ಪೇಪರಿನಲ್ಲಿ ಸುತ್ತಿದ್ದ ಮೂರನ್ನು ಇಳಿಸಿದರು. ಒಂದರ ಬಾಗು ಬಟ್ಟಲಿನ ಹಾಗೆ ದುಂಡಗೆ, ಆಳ ಕಮ್ಮಿ. ಇನ್ನೊಂದು ಮುಂದಕ್ಕೆ ಚಾಚಿ ಧುಮುಕಿದಂತೆ ಕೆಳಗಿಳಿದಿತ್ತು. ಪೇಪರಿನ ಆಟದ ಪುಟದಲ್ಲಿ ಅಂಥದ್ದನ್ನೇ ನೋಡಿದ್ದೆ, ಕಣ್ಣು ಅಲ್ಲೇ ನೆಟ್ಟಿತು. ಮೂರನೆಯದರ ತುದಿಗಳು ಆಚೆ ಈಚೆಗೆ ಸ್ವಲ್ಪ ಅಗಲಿಸಿಕೊಂಡಿದ್ದವು. ಸಾಬರು ದರ್ಜಿಯವರ ಹಾಗೆ ಒಂದೊಂದನ್ನೂ ನನ್ನ ಬೆನ್ನಿಗೆ ಹಿಡಿದು, ಭುಜದಿಂದ ಭುಜಕ್ಕೆ ಅಳೆದರು.

"ಭುಜಕ್ಕಿಂತ ಕಿರಿದಾದ್ರೆ ಎದೆ ಕಟ್ಕತ್ತದೆ, ಉಸಿರು ಬರಲ್ಲ. ಜಾಸ್ತಿ ಅಗಲ ಆದ್ರೆ ಗಾಳಿಗೆ ನೀವೇ ಬಾಗಿಲು ತೆಗ್ದಂಗೆ. ಆಳ ನೋಡ್ಕಳಿ, ಮೂರು ದಿನ ಬಗ್ಗೋದಲ್ಲ, ಮೂರು ವರ್ಸ ಬಗ್ಗಬೇಕು. ಮೂರನ್ನೂ ಮನೇಗ್ ತಗಂಡೋಗಿ ತೋರ್ಸಿ. ಸೀರೆ ಅಂಗಡೀಲಿ ಕೊಡಲ್ವಾ, ಹಂಗೇ."

ಮನೆಗೆ ತೋರಿಸಬೇಕಾಗಿಯೂ ಇತ್ತು. ಕರೀ ಸೈಕಲ್ ಹೋದಮೇಲೆ ಇದೇ ಮನೆಗೆಲ್ಲ ಸೈಕಲ್. ಬೆಳಿಗ್ಗೆ ಹಾಲಿನ ಕ್ಯಾನು ಡೈರಿಗೆ ಹೋಗಬೇಕು, ಜುಟ್ಟಿಗೆ ಜುಟ್ಟು ಗಂಟು ಹಾಕಿದ ಕಾಯಿಗಳು ಹ್ಯಾಂಡಲಿಗೆ ಜೋತುಬೀಳಬೇಕು. ನಡುಮನೆಯ ಕಂಬಳಿಯ ಮೇಲೆ ಮೂರು ಹ್ಯಾಂಡಲುಗಳನ್ನೂ ಸಾಲಾಗಿ ಇಟ್ಟೆ. ಅಪ್ಪ ಎತ್ತು ಕೊಳ್ಳಲು ಹೋದಾಗ ಕೂರುವ ಹಾಗೆ ಕುಕ್ಕರಗಾಲಲ್ಲಿ ಕೂತ. ಒಂದೊಂದನ್ನೂ ಎತ್ತಿ, ಒಂದು ಕಣ್ಣು ಮುಚ್ಚಿ ಎರಡು ತುದಿಯೂ ಸಮ ಇದೆಯೇ ನೋಡಿದ, ಅಂಗೈಯಿಂದ ಬುಡದಿಂದ ತುದಿಯವರೆಗೆ ಸವರಿದ. ನನ್ನ ಆಸೆಯ ಹ್ಯಾಂಡಲ್ಲಿಗೆ ಬಂದಾಗ ಮೂಗು ಮುರಿದ.

"ಇದು ಜೋಲುಗೊಂಬು. ಜೋಲುಗೊಂಬಿಂದು ಕೊಟ್ಟಿಗೆಗೆ ಲಕ್ಷಣ ಅಲ್ಲ."

"ಎತ್ತಲ್ಲ ಕಣಪ್ಪ ಇದು, ಹ್ಯಾಂಡಲ್ಲು."

"ಹಿಡ್ಕಳೋದು ಏನ್ನ ಮತ್ತೆ? ಕೊಂಬ್ನೇ ತಾನೇ?"

ಅವ್ವ ಬಾಗಿಲಲ್ಲಿ ನಿಂತು ಕ್ಯಾನು ಯಾವುದಕ್ಕೆ ಸಿಗುತ್ತದೆ ಅಂತ ನೋಡುತ್ತಿದ್ದಳು. ನಾನು ವಾದ ಬಿಟ್ಟು ಮಾಡಿಯೇ ತೋರಿಸೋಣ ಅಂತ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಆ ಆಳದ ಹ್ಯಾಂಡಲ್ ಸಿಕ್ಕಿಸಿ, ಮೇಲೆ ಹತ್ತಿ ಬಗ್ಗಿದೆ. ತಂಗಿ ಗಿರಿಜ "ಅಣ್ಣ ಹಾಯಕ್ಕೆ ಬತ್ತಾವ್ನೆ, ದಾರಿ ಬುಡಿ!" ಅಂತ ಕಿರುಚಿ ಅಜ್ಜಿಯ ಹಿಂದೆ ಅವಿತಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ನನ್ನ ಅಂಗಿಯ ಒಳಗಿಂದ ಲಿಂಗದ ಬೆಳ್ಳಿ ಕರಡಿಗೆ ಜಾರಿ, ಶಿವದಾರದ ತುದಿಯಲ್ಲಿ ತೂಗಿ, ಫ್ರೇಮಿನ ಪೈಪಿಗೆ ಬಡಿಯಿತು. ಟಣ್.

ಎಲ್ಲರ ಕಣ್ಣೂ ಅಜ್ಜಿಯ ಕಡೆ ತಿರುಗಿದವು. ಬೆಳಿಗ್ಗೆ ಲಿಂಗಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರ ಬಾಯಿಗೂ ನೀರು ಬೀಳುತ್ತಿರಲಿಲ್ಲ. ಕೊರಳಿನ ದಾರ ಹಳೆಯದಾದರೆ ಹೊಸದನ್ನು ಹೊಸೆಯುವವಳು, ಅದರ ಉದ್ದ ಹೊಕ್ಕುಳಿಗೆ ಇಳಿಯದಂತೆ ಅಳೆದು ಕಟ್ಟುವವಳು ಅಜ್ಜಿಯೇ.

"ಸ್ವಾಮೀನ ಕಬ್ಬಿಣಕ್ಕೆ ಗುದ್ದುಸ್ತೀಯೇನ್ಲಾ?" ಅಂದಳು. ಜೋರಾಗಿಯೂ ಅನ್ನಲಿಲ್ಲ. "ಎದೆ ಮ್ಯಾಲಿರಬೇಕಾದ್ದು ಬಾವಿಗೆ ಕೊಡ ಬುಟ್ಟಂಗೆ ತೂಗಾಡ್ತದಲ್ಲೋ. ಅದ್ನ ವಾಪಸ್ ಕೊಟ್ಬಾ. ಮೂರೂ ಕೊಟ್ಬಾ."

ನಾನು ಸೈಕಲ್ ಇಳಿದು ಅವಳ ಮುಂದೆ ಕೂತು ಹಾಜರಿ ಅಂದೆ, ಗಾಳಿ ಅಂದೆ, ಪರೀಕ್ಷೆ ಅಂದೆ. ಅಜ್ಜಿ ನನ್ನ ಕೊರಳಲ್ಲಿದ್ದ ಕರಡಿಗೆಯನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದಳು. ಆಗ ಅಪ್ಪ ಎದ್ದು, ನಾನು ಸಿಕ್ಕಿಸಿದ್ದನ್ನು ಕಿತ್ತು, ತುದಿ ಅಗಲಿಸಿದ್ದ ಮೂರನೇ ಹ್ಯಾಂಡಲನ್ನು ಫ್ರೇಮಿನ ಮೂತಿಗೆ ಸಿಕ್ಕಿಸಿ ಸುತ್ತ ತಿರುಗಿಸಿದ. ಕೆಳಕ್ಕಿದ್ದ ತುದಿಗಳು ಮೇಲಕ್ಕೆ ಬಂದವು. ಹಿಂದಕ್ಕೆ ಬಾಗಿ, ಮೇಲೆದ್ದು, ಮುಂದಕ್ಕೆ ತುದಿ ಚಾಚಿ ನಿಂತಿತು, ಥೇಟ್ ಹಳ್ಳಿಕಾರ್ ಎತ್ತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ನೋಡವ್ವ. ಕೊಂಬು ಅಂದ್ಮೇಲೆ ಮ್ಯಾಕಿರಬೇಕು. ಇವ್ನು ತಲೆಕೆಳಗು ಸಿಕ್ಸವ್ನೆ."

ಹಾಗೆ ಹಿಡಿದರೆ ಬೆನ್ನು ನೆಟ್ಟಗೆ, ಲಿಂಗ ಎದೆಯ ಮೇಲೆ. ಅಜ್ಜಿ ಒಪ್ಪಿದಳು. ಅವ್ವ ಕ್ಯಾನನ್ನು ಒಂದು ಕೊಂಬಿಗೆ ನೇತುಹಾಕಿ ನೋಡಿ "ಜಾರಲ್ಲ" ಅಂದಳು. ಮನೆಯಲ್ಲಿ ಎಲ್ಲರಿಗೂ ಸರಿಯಾದ ಹ್ಯಾಂಡಲ್ ಸಿಕ್ಕಿತು, ನನಗೊಬ್ಬನಿಗೆ ಬಿಟ್ಟು.

ಮಾರನೆಯ ದಿನದಿಂದ ಕೊಂಬೆತ್ತಿದ ಸೈಕಲ್ ಏರಿ ಊರ ಬೀದಿಯಲ್ಲಿ ಹೊರಟೆ. ಡೈರಿಯಲ್ಲಿ ಹಾಲಿಟ್ಟು, ಕ್ಯಾನನ್ನು ಅಲ್ಲೇ ಬಿಟ್ಟು ಕೆರೆ ಏರಿಯ ತೂಬಿನವರೆಗೆ ಹೋಗುತ್ತಿದ್ದೆ. ಅಲ್ಲಿಂದ ಊರು ಕಾಣುವುದಿಲ್ಲ. ಪುಸ್ತಕದ ಚೀಲದಿಂದ ಸ್ಪ್ಯಾನರ್ ತೆಗೆದು ಬೋಲ್ಟು ಸಡಿಲಿಸಿ ಕೊಂಬುಗಳನ್ನು ಕೆಳಕ್ಕೆ ತಿರುಗಿಸಿ ಬಿಗಿಯುತ್ತಿದ್ದೆ. ಬ್ರೇಕಿನ ಹಿಡಿಯನ್ನು ನಡುವಿನ ನೇರ ಭಾಗಕ್ಕೆ ಹಾಕಿಸಿ, ತಂತಿ ಉದ್ದ ಬಿಡಿಸಿದ್ದೇ ಇದಕ್ಕಾಗಿ. ಆಮೇಲೆ ಕರಡಿಗೆಯನ್ನು ಎಡಗಂಕುಳಿಗೆ ಸರಿಸಿ, ಎದೆಯ ಸುತ್ತ ಟವಲ್ಲನ್ನು ಬಿಗಿಯಾಗಿ ಕಟ್ಟುತ್ತಿದ್ದೆ. ಸ್ವಾಮಿ ಅಲ್ಲಾಡುತ್ತಿರಲಿಲ್ಲ. ಬಗ್ಗಿ ಹಿಡಿದೆನೆಂದರೆ ಗಾಳಿ ನನ್ನ ಬೆನ್ನ ಮೇಲೆ ಹಾದು ಹಿಂದಕ್ಕೆ ಹೋಗುತ್ತಿತ್ತು. ಆಳದ ಹ್ಯಾಂಡಲಿಗಿಂತ ಇದೇ ಒಳ್ಳೆಯದಾಯಿತು ಅಂತ ಬರಬರುತ್ತಾ ತಿಳಿಯಿತು. ತುದಿ ಅಗಲಿಸಿದ್ದರಿಂದ ಮುಂಗೈ ತೊಡೆಗೆ ತಾಕುತ್ತಿರಲಿಲ್ಲ, ಗುಂಡಿ ಬಂದರೂ ಹಿಡಿತ ತಪ್ಪುತ್ತಿರಲಿಲ್ಲ. ಅಪ್ಪ ಎತ್ತೆಂದು ಆರಿಸಿದ್ದು ಸೈಕಲ್ಲಿಗೂ ಒದಗಿತ್ತು. ಮೇಷ್ಟ್ರು ಹೆಸರು ಕೂಗಿದಾಗ ಬೆಂಚಿನಲ್ಲಿ ಕೂತು "ಯೆಸ್ ಸಾರ್" ಅನ್ನುತ್ತಿದ್ದೆ. ಸಂಜೆ ಮತ್ತೆ ತೂಬಿನ ಹತ್ತಿರ ಇಳಿದು ಕೊಂಬೆತ್ತಿ, ಟವಲ್ ಬಿಚ್ಚಿ, ನೆಟ್ಟಗೆ ಕೂತು ಊರೊಳಗೆ ಬರುತ್ತಿದ್ದೆ. ಊರಲ್ಲೊಂದು ಬೆನ್ನು, ರಸ್ತೆಯಲ್ಲೊಂದು ಬೆನ್ನು. ಯಾವುದರಲ್ಲೂ ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ. ತೂಬಿನ ಹತ್ತಿರ ದನ ಮೇಯಿಸುವವರು ಕಂಡರೆ ಮೂತ್ರಕ್ಕೆ ಕೂರುವ ನೆಪದಲ್ಲಿ ಕಾಲು ಮಡಿದು, ಅವರು ಅತ್ತ ಹೋಗುವವರೆಗೂ ಕಾಯಬೇಕಿತ್ತು. ಕಾದಷ್ಟೂ ಹಾಜರಿ ಕೈಯಿಂದ ಜಾರುತ್ತಿದೆ ಅನ್ನಿಸುತ್ತಿತ್ತು.

ದಿನಾ ತಿರುಗಿಸಿದರೆ ಬೋಲ್ಟು ಎಷ್ಟು ತಡೆದೀತು? ಒಂದು ಸಂಜೆ ಕೊಂಬೆತ್ತಿ ಬಿಗಿಯಲು ಹೋದರೆ ಸ್ಪ್ಯಾನರ್ ಸುಮ್ಮನೆ ಸುತ್ತತೊಡಗಿತು. ಥ್ರೆಡ್ ಸವೆದುಹೋಗಿತ್ತು. ಮೇಲಕ್ಕೆ ಎತ್ತಿದರೆ ಕೆಳಕ್ಕೆ ಬೀಳುವುದು, ಕೆಳಕ್ಕೆ ಬಿಟ್ಟರೆ ಓಲಾಡುವುದು. ಹತ್ತುವ ಹಾಗಿಲ್ಲ. ತಳ್ಳಿಕೊಂಡು ಊರೊಳಗೆ ಬಂದೆ. ಡೈರಿಯ ಮುಂದೆ ಸಂಜೆಯ ಹಾಲಿಗೆ ನಿಂತವರಿಗೆ ಅಷ್ಟು ಸಾಕಾಯಿತು.

"ಏನ್ಲಾ, ಎತ್ತು ಕೊಂಬು ಇಳಿಬುಟ್ಟದೆ? ಬಿಸ್ಲು ಹೊಡೀತಾ?"

"ಹುಲ್ಲು ಹಾಕಿಲ್ಲ ಕಣ್ಲಾ ಇವ್ನು. ಬರೀ ಓದ್ಸವ್ನೆ ಅದುಕ್ಕೆ."

ಮನೆಯ ಮುಂದೆ ಅಪ್ಪ ಸೈಕಲ್ಲನ್ನು ಇಸಕೊಂಡ. ಬೋಲ್ಟು ಬಿಚ್ಚಿ ಅಂಗೈಯಲ್ಲಿಟ್ಟು ನೋಡಿದ. ಹ್ಯಾಂಡಲಿನ ನಡುವೆ ಸುತ್ತಲೂ ಕೆರೆದು ಬೆಳ್ಳಗಾಗಿದ್ದ ಗೀರನ್ನು ಉಗುರಿನಿಂದ ಸವರಿದ. ಕೇಳುವುದು ಏನೂ ಉಳಿಯಲಿಲ್ಲ.

"ದಿನಾ ತಿರುಗ್ಸಿದ್ದೀಯ."

"ಹೂಂ."

"ನಮ್ ಕಣ್ಣ ಮುಂದೆ ನೆಟ್ಟಗೆ. ಆ ಕಡೆ ಹೋಗಿ ಬಗ್ಗೋದು."

"ನೆಟ್ಟಗೆ ಕೂತ್ರೆ ಗಾಳಿ ಬುಡಕಿಲ್ಲ ಕಣಪ್ಪ. ಮೊದಲ್ನೇ ಪಿರಿಯಡ್ಡು ಹೋಯ್ತದೆ. ಅದು ಹೋದ್ರೆ ಪರೀಕ್ಸೆಗೆ ಕೂರ್ಸಕಿಲ್ಲ. ನೀನೇ ಹೇಳಿದ್ದೆ, ಅಟ್ಟ ಹತ್ತು ಅಂತ."

"ರಸ್ತೆ ಉದ್ದಕ್ಕೂ ಬಗ್ಗಿ ಬಗ್ಗಿ ಹೋಗಿ ತತ್ತೀಯೇನ್ಲಾ ಡಿಗ್ರೀನ? ಅಂಥಾ ಡಿಗ್ರಿ ಯಾವನಿಗ್ ಬೇಕು?"

ಆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು. "ನಂಗ್ ಬೇಕು" ಅಂದೆ. ಅಪ್ಪನಿಗೆ ಅಷ್ಟು ಜೋರಾಗಿ ಎದುರು ಮಾತಾಡಿದ್ದು ಅದೇ ಮೊದಲು. ಕೂಗಿಗೆ ಕೊಟ್ಟಿಗೆಯ ಎಮ್ಮೆ ಕೂಡ ತಿರುಗಿ ನೋಡಿತು. ಅವ್ವ ಒಳಗಿಂದ ಓಡಿ ಬಂದಳು. ಜಗಲಿಯ ಮೇಲೆ ದಾರ ಹೊಸೆಯುತ್ತಿದ್ದ ಅಜ್ಜಿ ಮಾತ್ರ ತೊಡೆಯ ಮೇಲಿನ ಕೈ ನಿಲ್ಲಿಸಲಿಲ್ಲ.

"ಸ್ವಾಮೀನ ಎಲ್ಲಿಟ್ಕಂಡು ಹೋಯ್ತಿದ್ಯೋ?" ಅಂದಳು.

ಕಂಕುಳು ತೋರಿಸಿದೆ, ಟವಲ್ಲನ್ನೂ ತೋರಿಸಿದೆ.

"ಗೊತ್ತು ಬುಡು. ನಿನ್ ಶಿವದಾರ ಬಿಚ್ಚಿದಾಗ್ಲೆಲ್ಲ ಕರೀ ಎಣ್ಣೆ ಮೆತ್ಕಂಡಿರೋದು. ಎದೆ ಮ್ಯಾಲಿನ ದಾರಕ್ಕೆ ಸೈಕಲ್ ಎಣ್ಣೆ ಎಲ್ಲಿಂದ ಬತ್ತದೆ? ಹಳೇದ ತೆಗೆದು ಹೊಸಾದ ಕಟ್ತಾನೇ ಇವ್ನಿ." ಹೊಸೆದ ದಾರವನ್ನು ಬೆಳಕಿಗೆ ಹಿಡಿದು ನೋಡಿ ಅಪ್ಪನ ಕಡೆ ತಿರುಗಿದಳು. "ಕಂಕುಳಲ್ಲಿದ್ರೆ ಏನೂ ತಪ್ಪಿಲ್ಲ ಕಣೋ. ನೆಲಕ್ಕೆ ತೂಗಬಾರ್ದು ಅಂದಿದ್ದು ನಾನು. ಬಗ್ಗಬ್ಯಾಡ ಅಂದಿದ್ದು ನೀನು."

ಅಪ್ಪ ಬೋಲ್ಟನ್ನು ಮುಷ್ಟಿಯಲ್ಲಿಟ್ಟುಕೊಂಡು ಒಳಕ್ಕೆ ಹೋದ. ತಲೆಬಾಗಿಲಲ್ಲಿ ತಗ್ಗಿಸಲು ಮರೆತು ನೆತ್ತಿಗೆ ಬಡಿಸಿಕೊಂಡ.

ಬೆಳಿಗ್ಗೆ ನಾನು ಪೂಜೆಗೆ ಕೂತಿದ್ದಾಗ ಹೊರಗೆ ಕಬ್ಬಿಣದ ಸದ್ದು. ಪಂಪ್‌ಸೆಟ್ಟಿನ ಹಳೇ ಬೋಲ್ಟೊಂದನ್ನು ಹುಡುಕಿ ಹಾಕಿ, ಹ್ಯಾಂಡಲನ್ನು ಮತ್ತೆ ಕೊಂಬು ಮೇಲಾಗಿಯೇ ಬಿಗಿದಿದ್ದ ಅಪ್ಪ. ಎದ್ದು ಬರುವಷ್ಟರಲ್ಲಿ ಪಂಚೆ ಎತ್ತಿಕಟ್ಟಿ ತಾನೇ ಹತ್ತಿ ಹೊರಟುಹೋಗಿದ್ದ. ಅವ್ವ, ನಾನು, ಗಿರಿಜ ಹಿತ್ತಲಿಗೆ ಹೋಗಿ ನಿಂತೆವು. ಅಲ್ಲಿಂದ ಕೆರೆ ಏರಿಯ ಈ ತುದಿ ಕಾಣುತ್ತದೆ. ಏರಿಯ ಮೇಲೆ ಗಾಳಿಗೆ ಅಡ್ಡಿಯಿಲ್ಲ. ಅಪ್ಪ ಕಂಬದ ಹಾಗೆ ಕೂತಿದ್ದ. ಪಂಚೆ ಉಬ್ಬಿ ಹಿಂದಕ್ಕೆ ಹಾರುತ್ತಿತ್ತು, ತಲೆಯ ಟವಲ್ ಹಾರಿ ಕೆರೆಯಂಗಳಕ್ಕೆ ಹೋಯಿತು. ತುಳಿದ, ನಿಂತ, ಒಂದು ಕಾಲು ನೆಲಕ್ಕೆ ಕೊಟ್ಟ. ಮತ್ತೆ ತುಳಿದ. ಎರಡು ತೆಂಗಿನ ಮರ ದಾಟುವುದರಲ್ಲಿ ಇನ್ನೊಂದು ಸಲ ಇಳಿದ. ಗಿರಿಜ ನಗಲು ಹೋದಳು. ಅವ್ವ ಅವಳ ಬಾಯಿಗೆ ಕೈ ಇಟ್ಟಳು. ಇಳಿದು ನಿಂತ ಅಪ್ಪ ತುಂಬ ಹೊತ್ತು ತಿಪಟೂರಿನ ದಿಕ್ಕಿಗೆ ನೋಡುತ್ತಿದ್ದ. ಆಮೇಲೆ ಸೈಕಲ್ ತಿರುಗಿಸಿ ಹತ್ತಿದ. ವಾಪಸು ಬರುವಾಗ ತುಳಿಯಲೇ ಇಲ್ಲ, ಗಾಳಿಯೇ ತಂದು ಮನೆಯ ಮುಂದೆ ಬಿಟ್ಟಿತು.

ಸೈಕಲ್ ನಿಲ್ಲಿಸಿ, ನನ್ನ ಕಡೆ ನೋಡದೆ ಕೈ ಚಾಚಿದ.

"ಎಲ್ಲಿ ಸ್ಪ್ಯಾನರ್ರು?"

ಚೀಲದಿಂದ ತೆಗೆದು ಕೊಟ್ಟೆ. ಬೋಲ್ಟು ಸಡಿಲಿಸಿ, ಕೊಂಬುಗಳನ್ನು ಕೆಳಕ್ಕೆ ತಿರುಗಿಸಿ, ಎರಡು ತುದಿಯೂ ಸಮ ಇದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡಿ, ಹಲ್ಲು ಕಚ್ಚಿ ಬಿಗಿದ. ಇನ್ನು ಯಾರಿಂದಲೂ ತಿರುಗಿಸಲು ಆಗಬಾರದು ಅನ್ನುವಂತೆ ಬಿಗಿದ.

"ಕ್ಯಾನು ಎಲ್ಲಿಗೆ ನೇತಾಕದು ಮತ್ತೆ?" ಅಂದಳು ಅವ್ವ.

"ನಾನ್ ಹೊತ್ಕಂಡು ಹೋಯ್ತೀನಿ ಬುಡು."

ಅಜ್ಜಿ ಹೊಸ ದಾರವನ್ನು ನನ್ನ ಹೆಗಲ ಮೇಲಿಂದ ಅಡ್ಡಲಾಗಿ ಇಳಿಸಿ, ಕರಡಿಗೆ ಎಡಗಂಕುಳಲ್ಲಿ ಕೂರುವಂತೆ ಅಳೆದು ಗಂಟು ಹಾಕಿದಳು. ಟವಲ್ ಬೇಕಾಗಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಯಾರೂ ಕೊಟ್ಟದ್ದಲ್ಲ, ತುಳಿದು ತಂದದ್ದು. ಸರ್ಟಿಫಿಕೇಟ್ ಕೈಗೆ ಬಂದ ದಿನದ ನೆನಪು ಅಷ್ಟಾಗಿ ಉಳಿದಿಲ್ಲ. ಉಳಿದಿರುವುದು ಆ ಬೆಳಿಗ್ಗೆ. ಚೀಲ ಬೆನ್ನಿಗೆ ಹಾಕಿ ಸೈಕಲ್ ಹತ್ತಿದೆ. ಜಗಲಿಗಳ ಮೇಲೆ ಜನ, ಡೈರಿಯ ಮುಂದೆ ನಿನ್ನೆ ನಕ್ಕವರು. ಊರ ನಡುವೆ ಬಗ್ಗಲು ನನಗೇ ನಾಚಿಕೆ. ಹ್ಯಾಂಡಲಿನ ಮೇಲ್ಭಾಗ ಹಿಡಿದು, ಅಪ್ಪ ಹೇಳಿಕೊಟ್ಟ ಹಾಗೆ ಬೆನ್ನು ಸೆಟೆಸಿ ತುಳಿಯತೊಡಗಿದೆ. ಬೀದಿಯ ತುದಿಯಲ್ಲಿ ಗಾಳಿ ಎದೆಗೆ ಗುದ್ದಿತು, ಸೈಕಲ್ ಓಲಾಡಿತು. ಹಿಂದಿನಿಂದ, ಹಾಲಿನ ಕ್ಯಾನು ಹೆಗಲ ಮೇಲಿಟ್ಟುಕೊಂಡಿದ್ದ ಅಪ್ಪನ ದನಿ ಇಡೀ ಊರಿಗೆ ಕೇಳುವಂತೆ ಬಂತು.

"ತಗ್ಸೋ ತಲೆಯ! ಗಾಳಿ ಐತೆ ಕಣ್ಲಾ, ತಗ್ಸು!"

ತಗ್ಗಿಸಿದೆ.